ಮೊದಲ ಉತ್ತರ ನಂಬದ ಭಾವ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಯಾರು ಏನು ಹೇಳಿದರೂ ಮೊದಲ ಸಲ ಕೇಳಿಸುವುದಿಲ್ಲ! ಕಿವಿಯ ದೋಷ ಅಂದುಕೊಳ್ಳಬೇಡಿ. ಠಾಕುರ್ಲಿಯ ಮನೆಯೊಳಗೆ ಕೂತು, ಹೊರಗೆ ಹೋಗುತ್ತಿರುವ ಲೋಕಲ್ ಟ್ರೇನು ಫಾಸ್ಟೋ ಸ್ಲೋವೋ ಎಂದು ಸದ್ದಿನಿಂದಲೇ ಹೇಳುವ ಕಿವಿ ಅದು. ಕೇಳಿಸುತ್ತದೆ, ಆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ಉತ್ತರ ಇರುವುದೇ ಚೆಲ್ಲಲಿಕ್ಕೆ ಎಂಬುದು ಅವರ ಸಿದ್ಧಾಂತ.

ಇದು ಕಸುಬಿನಿಂದ ಅಂಟಿದ ರೋಗ. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಅವರದೊಂದು ಗಾಳಾ ಇದೆ. ಗಾಳಾ ಎಂದರೆ ಕಾರ್ಖಾನೆ ಎಂದು ಕರೆಯಲು ಧೈರ್ಯ ಸಾಲದಂಥ ಕೋಣೆ. ಅಲ್ಲಿ ತೂಕದ ಯಂತ್ರಗಳ ಬೋರ್ಡು ರಿಪೇರಿ ಮಾಡುತ್ತಾರೆ. ಯಂತ್ರದಲ್ಲೊಂದು ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್ಪು, ಗೋಡೆಯ ಮೇಲೆ ತೂಕ ತೋರಿಸುವ ಬೋರ್ಡಿನಲ್ಲಿ ಇನ್ನೊಂದು. ಎರಡೂ ಒಂದು ತಂತಿಯ ಮೇಲೆ ಅಕ್ಷರದ ಹಿಂದೆ ಅಕ್ಷರ ಕಳಿಸುತ್ತ ಮಾತಾಡಿಕೊಳ್ಳುತ್ತವೆ. ಆದರೆ ಕರೆಂಟು ಬಂದಾಗ ಎರಡೂ ಒಟ್ಟಿಗೆ ಏಳುವುದಿಲ್ಲವಂತೆ. ಒಂದು ಎದ್ದು ಕಿವಿಗೊಟ್ಟು ಕೂತಿರುವಾಗ ಇನ್ನೊಂದು ಇನ್ನೂ ಮೈ ಮುರಿಯುತ್ತಿರುತ್ತದೆ. ಅದರ ಆಕಳಿಕೆಯನ್ನೇ ಇದು ಮಾತು ಎಂದು ತಿಳಿಯುತ್ತದೆ. ಅಲ್ಲಿಂದಾಚೆ ಬಂದದ್ದೆಲ್ಲ ಅಪಾರ್ಥ. ಇಷ್ಟು ವಿದ್ಯೆ ನನಗೆ ಹತ್ತಿದ್ದು ಇಪ್ಪತ್ತೈದು ವರ್ಷ ಅವರ ಮನೆಯ ಕಾಫಿ ಕುಡಿದು.

ಚಿಪ್ಪಿಗೆ ಸರಿ, ಮನುಷ್ಯರಿಗೂ ಅದೇ ಕಾನೂನೇ? ಅಕ್ಕನನ್ನು ನೋಡಲು ಬಂದಾಗ ಭಾವ ನೇರವಾಗಿ ಅವಳನ್ನೇ ಒಪ್ಪಿಗೆಯೇ ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು. ಎಲ್ಲರೂ ಕೇಸರಿಬಾತು ತಿಂದು ಎದ್ದರು. ಮರುವಾರ ಈ ಮಹಾನುಭಾವ ಒಬ್ಬರೇ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರು! ಅಪ್ಪ ಬೆವತುಹೋದರು. ಅಕ್ಕ ಮಾತ್ರ ಒಳಗಿನಿಂದ ಬಂದು, ಹೌದು ಎಂದಾಗಿದೆ, ಕಿವಿ ಕೇಳುವುದಿಲ್ಲವೇ ಎಂದು ಜಾಡಿಸಿದಳು. ಆ ಸಿಟ್ಟು ನೋಡಿಯೇ ಅವಳು ನಿಜವಾಗಿ ಒಪ್ಪಿದ್ದಾಳೆ ಎಂದು ಭಾವನಿಗೆ ಖಾತ್ರಿಯಾಯಿತಂತೆ.

ಮನೆಗೆ ಬಂದವರು ಕಾಫಿ ಬೇಡ ಎಂದರೆ ಎರಡನೆಯ ಸಲ ಕೇಳುವುದು ನಮ್ಮೆಲ್ಲರ ಮನೆಯಲ್ಲೂ ಇರುವ ಪದ್ಧತಿ. ಮೊದಲ 'ಬೇಡ'ವನ್ನು ಬೇಡ ಎಂದೇ ತಿಳಿಯುವ ಪೆದ್ದರು ನಮ್ಮಲ್ಲಿ ಯಾರಿದ್ದಾರೆ? ಆದರೆ ಭಾವ ಮೊದಲ 'ಬೇಕು'ವನ್ನೂ ನಂಬುವುದಿಲ್ಲ. ಒಮ್ಮೆ ಅವರ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬಂದು ಕೂತು, ಕಾಫಿ ಕೊಡಿ ಎಂದು ಸಂತೋಷದಿಂದ ಹೇಳಿದರು. ಭಾವ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಿಜವಾಗಿಯೂ ಬೇಕೇ ಎಂದು ವಿಚಾರಿಸಿದರು. ಆ ಮನುಷ್ಯ ನೀರನ್ನೂ ಕುಡಿಯದೆ ಎದ್ದು ಹೋದರು. ಆ ಮಳೆಗಾಲ ಮೂರು ಸಲ ಅರ್ಜಿ ಕೊಟ್ಟರೂ ಭಾವನ ಗೋಡೆಯ ಸೋರಿಕೆ ರಿಪೇರಿಯಾಗಲಿಲ್ಲ.

ಹೀಗೆ ಭಾವನನ್ನು ಆಡಿಕೊಂಡು ನಗುವುದರಲ್ಲಿ ನನ್ನ ಗಂಡ ಎಲ್ಲರಿಗಿಂತ ಮುಂದು. ಹೋದ ವರ್ಷ ಅವರು ತೀರಿಕೊಂಡರು. ನಮಗೆ ಮಕ್ಕಳಿಲ್ಲ.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಕೇಳಿದರು. ಒಬ್ಬಳೇ ಹೇಗಿರುತ್ತೀ, ನಮ್ಮೊಟ್ಟಿಗೆ ಬಾ ಎಂದರು. ಅಕ್ಕನೂ ಕೈ ಹಿಡಿದು ಕೇಳಿದಳು. ಬೇಡ, ನಾನು ಇರುತ್ತೇನೆ ಎಂದೆ. ಕಾಫಿಗಾದರೆ ಎರಡು ಸಲ ಕೇಳುವ ಜನ, ಇದಕ್ಕೆ ಒಂದೇ ಸಲ ಕೇಳಿ ಚಪ್ಪಲಿ ಮೆಟ್ಟಿಕೊಂಡರು. ತಪ್ಪು ಅವರದಲ್ಲ, ನಾನೇ ಅಷ್ಟು ಗಟ್ಟಿಯಾಗಿ ಹೇಳಿದ್ದೆ. ಆಶ್ಚರ್ಯವೆಂದರೆ ಆ ದಿನ ಭಾವ ಮಾತ್ರ ಏನನ್ನೂ ಕೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಕೈ ತಪ್ಪಿ ಇಬ್ಬರಿಗೆ ಅಕ್ಕಿ ತೊಳೆಯುವುದು, ಕೂತಲ್ಲೇ ಮಧ್ಯಾಹ್ನವಾಗುವುದು. ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಫೋನು ಮಾಡಿದವರಿಗೆ ಮಾತ್ರ ಆರಾಮಾಗಿದ್ದೇನೆ ಎನ್ನುತ್ತಿದ್ದೆ. ಒಮ್ಮೆ ಎಲ್ಲರೆದುರು ಹೇಳಿದ 'ಬೇಡ'ವನ್ನು ಯಾವ ಮುಖ ಇಟ್ಟುಕೊಂಡು ಹಿಂದಕ್ಕೆ ಪಡೆಯುವುದು? ಇನ್ನು ಯಾರೂ ಕೇಳುವುದಿಲ್ಲ ಎಂಬ ಹೆದರಿಕೆ ನನ್ನನ್ನು ತಿಂದುಹಾಕುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾವ ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ವಾಶಿಯ ಈರುಳ್ಳಿ ಮಾರ್ಕೆಟ್ಟಿನಲ್ಲಿ ಒಂದು ತೂಕದ ಯಂತ್ರ ಕೆಟ್ಟಿದೆ, ಸ್ವಿಚ್ಚು ಒತ್ತಲು ಒಬ್ಬರು ಬೇಕು, ಬಾ ಎಂದರು. ನಾನು ಬರುವುದಿಲ್ಲ ಎಂದೆ. ಅವರು ಕೆಳಗೆ ಹೋಗಿ ರಿಕ್ಷಾ ನಿಲ್ಲಿಸಿ, ಮತ್ತೆ ಮೇಲೆ ಬಂದು ಅದನ್ನೇ ಹೇಳಿದರು. ಹೋದೆ.

ಅಲ್ಲಿ ಐವತ್ತು ಕಿಲೋ ಚೀಲ ಇಟ್ಟರೆ ಗೋಡೆಯ ಬೋರ್ಡು ಒಮ್ಮೆ ಎಂಟುನೂರು ಎನ್ನುತ್ತಿತ್ತು, ಒಮ್ಮೆ ಬರೀ ಅಡ್ಡಗೀಟು ತೋರಿಸುತ್ತಿತ್ತು. ತಂತಿ ಬದಲಾಯಿಸಿ ಆಗಿತ್ತು, ಬೋರ್ಡನ್ನೂ ಬದಲಾಯಿಸಿ ಆಗಿತ್ತು. ಯಂತ್ರದ ಸೇಠು "ಅಬ್ ಫೇಂಕ್ ದೂಂ ಕ್ಯಾ, ಅಣ್ಣಾ?" ಎಂದು, ಅದನ್ನು ಎಸೆದೇಬಿಡುವ ಹತಾಶೆಯಲ್ಲಿ ಕೈಚೆಲ್ಲಿ ಕೂತಿದ್ದ. ಸ್ವಿಚ್ಚು ಚೀಲಗಳ ರಾಶಿಯ ಹಿಂದೆ. ಭಾವ ಬೋರ್ಡಿನ ಮುಂದೆ. ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡುವುದು ನನ್ನ ಉದ್ಯೋಗ. ಈರುಳ್ಳಿಯ ದೂಳಿಗೆ ಎಲ್ಲರ ಕಣ್ಣೂ ಒದ್ದೆ. ಅಲ್ಲಿ ಕೂತು ಅತ್ತರೆ ಏಕೆಂದು ಯಾರೂ ಕೇಳುವುದಿಲ್ಲ. ನಾನು ಎಣಿಸುತ್ತ ಅತ್ತೆ. ಇಪ್ಪತ್ತು ಸಲಕ್ಕೆ ಏಳು ಸಲ ತೂಕ ತಪ್ಪು ಬಂತು.

ಭಾವ ಲ್ಯಾಪ್‌ಟಾಪ್ ತೆಗೆದು ಬೋರ್ಡಿನ ಪ್ರೋಗ್ರಾಮಿನಲ್ಲಿ ಏನೋ ಕುಟ್ಟಿದರು. ಕರೆಂಟು ಬಂದ ಮೇಲೆ ಎರಡು ಸೆಕೆಂಡು ಸುಮ್ಮನಿರು, ಅಷ್ಟರಲ್ಲಿ ಬಂದದ್ದನ್ನೆಲ್ಲ ಚೆಲ್ಲು, ಆಮೇಲೆ ಹೊಸದಾಗಿ ಕೇಳಿಸಿಕೋ. ಅಷ್ಟೇ. ಮತ್ತೆ ಮೂವತ್ತು ಸಲ ಸ್ವಿಚ್ಚು ಒತ್ತಿಸಿದರು. ಮೂವತ್ತು ಸಲವೂ ಐವತ್ತೇ ಬಂತು.

"ಈಗ ಸರಿ ಬಂತು" ಎಂದರು ಭಾವ, ಬೋರ್ಡಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಅದು ಸುಳ್ಳು ಹೇಳಿದ್ದಲ್ಲ ಮಾರಾಯ್ತಿ. ಪೂರ್ತಿ ಏಳುವ ಮೊದಲೇ ನಾವು ಕೇಳಿದ್ದು."

ವಾಶಿಯಿಂದ ಥಾಣೆಗೆ ಬರುವಾಗ ಟ್ರೇನಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು. "ನಿಂಗೆ ಒಬ್ಳೇ ಇರ್ಲಿಕ್ಕೆ ಆಗ್ತದಾ?"

"ಆಗ್ತದೆ" ಎಂದೆ. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಥಾಣೆಯಲ್ಲಿ ಇಳಿದು ಕಲ್ಯಾಣದ ಸ್ಲೋ ಲೋಕಲ್ ಹಿಡಿದೆವು. ಮೊದಲು ಬರುವುದು ನನ್ನ ಡೊಂಬಿವ್ಲಿ, ಮುಂದಿನದು ಅವರ ಠಾಕುರ್ಲಿ. ಕೋಪರ್ ಸ್ಟೇಷನ್ ದಾಟಿತು. ಇಳಿಯುವವರು ಬಾಗಿಲಿಗೆ ನುಗ್ಗತೊಡಗಿದರು. ನಾನೂ ಏಳಬೇಕಿತ್ತು. ಭಾವನ ಕಡೆ ನೋಡಿದೆ. ಅವರ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಹತ್ತು ಎಣಿಸುತ್ತಿದ್ದರು.

"ಒಬ್ಳೇ ಇರ್ಲಿಕ್ಕೆ ಆಗ್ತದಾ?" ಎಂದರು, ಮೊದಲ ಸಲ ಕೇಳುವವರ ಹಾಗೆ.

"ಆಗುದಿಲ್ಲ ಭಾವ."

ಡೊಂಬಿವ್ಲಿ ಬಂತು. ಡಬ್ಬಿಯ ಅರ್ಧ ಜನ ಇಳಿದರು. ನಾನು ಕೂತೇ ಇದ್ದೆ. ಟ್ರೇನು ಹೊರಟ ಮೇಲೆ ಭಾವ ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದರು, "ಈಗ ಸರಿ ಬಂತು."

ಠಾಕುರ್ಲಿಯಲ್ಲಿ ಅಕ್ಕ ಬಾಗಿಲು ತೆಗೆದಳು. ನನ್ನನ್ನು ನೋಡಿ ಅವಳ ಮುಖ ಅರಳಿತು, ಊಟ ಮಾಡುತ್ತೀಯಾ ಎಂದಳು. ಹಾಳು ನಾಲಿಗೆ, ಬೇಡ ಎಂದುಬಿಟ್ಟಿತು. ಭಾವ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಇನ್ನೊಂದು ಸಲ ಕೇಳು ಅವಳನ್ನು" ಎಂದರು.

ಅಕ್ಕ ಕೇಳಿದಳು.