ಮಂಡಿ ವಿಷಯ

ಶನಿವಾರ ಬೆಳಿಗ್ಗೆ ಶೂ ಲೇಸು ಕಟ್ಟಲು ಕುಕ್ಕರಗಾಲಲ್ಲಿ ಕೂತ ವಾಸುದೇವನ ಬಲಮಂಡಿ 'ಲಟಕ್' ಎಂದಿತು. ಹಪ್ಪಳ ಮುರಿದ ಹಾಗೆ, ಅಡುಗೆಮನೆಯಲ್ಲಿದ್ದ ಹೆಂಡತಿ ರಚನಾಗೂ ಕೇಳುವಷ್ಟು ಜೋರಾಗಿ.

"ಏನ್ರೀ ಅದು ಸದ್ದು?"

"ಕುರ್ಚಿ," ಎಂದ ವಾಸುದೇವ.

ಸುಳ್ಳಿಗೆ ಕಾರಣವಿತ್ತು. ಮರುದಿನ ಅವರು ನೆಲೆಸಿದ್ದ ಪರದೇಶದ ಊರು ಫ್ಲ್ಯಾಟ್ ಬುಷ್‌ನ ಕನ್ನಡ ಬಳಗದ ವಾರ್ಷಿಕೋತ್ಸವ. ಆರು ವರ್ಷ ಪರದೆ ಎಳೆದು, ಕುರ್ಚಿ ಜೋಡಿಸಿ, ಉಪ್ಪಿಟ್ಟು ಬಡಿಸಿದ ಮೇಲೆ ಈ ಸಲ ಅವನಿಗೆ ಕಂಸಾಳೆ ಕುಣಿತದ ಮುಂದಿನ ಸಾಲು ಸಿಕ್ಕಿತ್ತು. ಕೂತು, ಎದ್ದು, ನೆಗೆದು ಕುಣಿಯಬೇಕು. ಮಂಡಿಯ ಸುದ್ದಿ, ಕುಣಿತದ ಮುಂದಾಳೂ ಆದ ಅಧ್ಯಕ್ಷ ರಘುನಾಥರ ಕಿವಿಗೆ ಬಿದ್ದರೆ ಆ ಜಾಗ ಚಿಗರೆಯಂತಿದ್ದ ಹುಡುಗ ಆದಿತ್ಯನ ಪಾಲಾಗುವುದು ಖಂಡಿತ. ಬಳಗದಲ್ಲಿ ರಘುನಾಥರು ಹೇಳಿದ್ದೇ ಸಂವಿಧಾನ, ತಿದ್ದುಪಡಿಯೂ ಅವರದೇ.

ಇನ್ನೊಮ್ಮೆ ಕೂತು ಎದ್ದ. ಲಟಕ್. ನೋವೇನೂ ಇರಲಿಲ್ಲ, ಹೆದರಿಕೆ ಮಾತ್ರ ಬೇಕಾದಷ್ಟಿತ್ತು.

ಎರಡು ಬೀದಿ ಆಚೆ ಹುಬ್ಬಳ್ಳಿಯ ಗೆಳೆಯ ಗಫೂರನ ಮನೆ. ಅವನ ಹೆಂಡತಿ ಫಹಮಿದಾ ಫಿಸಿಯೋಥೆರಪಿಸ್ಟ್. ವಾಸುದೇವ ಬಚ್ಚಲಿನ ಬಾಗಿಲು ಹಾಕಿಕೊಂಡು, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಒತ್ತಿದ: "ಗಫೂರ್, ಮಂಡಿ ವಿಷಯ. ಒಂದು ಗಂಟೆಗೆ ನಿಮ್ಮನೆಗೆ ಬರ್ತೀನಿ. ಫಹಮಿದಾ ಇರ್ಲಿ. ಯಾರಿಗೂ ಹೇಳ್ಬೇಡ."

ಗಾಬರಿಯಲ್ಲಿ ಅದು ಹೋದದ್ದು ಬಳಗದ ನೂರೆಂಬತ್ತು ಜನರ ವಾಟ್ಸಾಪ್ ಗುಂಪಿಗೆ. ಅವನು ಫೋನನ್ನು ಚಾರ್ಜಿಗೆ ಹಾಕಿ ಮರೆತುಬಿಟ್ಟ.

ಒಂದು ಗಂಟೆಗೆ ಬಾಗಿಲು ತೆಗೆದ ಗಫೂರನ ಮುಖ ಗಂಭೀರವಾಗಿತ್ತು. "ಬರ್ರಿ. ಯಾವ ಮಂದಿ ತ್ರಾಸ ಕೊಡಾಕತ್ತಾರ?"

"ಮಂದಿ ಅಲ್ಲಪ್ಪ, ಮಂಡಿ," ಎಂದು ವಾಸುದೇವ ಕಾಲು ತಟ್ಟಿ ತೋರಿಸಿದ.

"ಮೊಣಕಾಲ ಅನ್ನಬಾರದೇನ್ರಿ? ನಾ ಯಾರಿಗೋ ಬುದ್ಧಿ ಹೇಳಬೇಕು ಅಂತ ತಯಾರಾಗಿದ್ದೆ."

ಫಹಮಿದಾ ಅವನನ್ನು ಕಾರ್ಪೆಟ್ಟಿನ ಮೇಲೆ ಮಲಗಿಸಿ ಪ್ಯಾಂಟು ಮಡಚುವಷ್ಟರಲ್ಲಿ ಬೆಲ್ ಆಯಿತು. ಮೈಸೂರಿನ ಜಯಮ್ಮ, ಎರಡು ಬಟ್ಟೆಚೀಲ ಹಿಡಿದು.

"ತರಕಾರಿ ಮಂಡಿ ಇಲ್ಲೇ ತಾನೆ? ಪುಕೆಕೊಹೆ ತೋಟಗಳಿಂದ ಲೋಡು ಬಂದಿರ್ಬೇಕು ಅಂದ್ಕೊಂಡೆ. ನಂಗೆ ಎರಡು ಕೆಜಿ ಬದನೆಕಾಯಿ ಸಾಕಪ್ಪ."

ಅವರ ಹಿಂದೆ ನಾಲ್ಕು ಸಂಸಾರಗಳು ಖಾಲಿ ಡಬ್ಬಿಗಳೊಂದಿಗೆ ನಿಂತಿದ್ದವು. ಹೋದ ಹಬ್ಬಕ್ಕೆ ಫಹಮಿದಾ ಅರಬ್ಬರ ಮಟನ್ ಮಂದಿ ಮಾಡಿದ್ದಳು. ಆ ಅನ್ನದ ರುಚಿ ಯಾರೂ ಮರೆತಿರಲಿಲ್ಲ. ಎಲ್ಲರಿಗಿಂತ ಹಿಂದೆ, ಬಳಗದಲ್ಲಿ ಶುದ್ಧ ಸಸ್ಯಾಹಾರಿ ಎಂದು ಹೆಸರಾದ ರಘುನಾಥರು.

"ನಾನು ಪರಿಶೀಲನೆಗೆ ಬಂದೆ," ಎಂದರು, ಡಬ್ಬಿಯನ್ನು ಬೆನ್ನ ಹಿಂದೆ ಸರಿಸುತ್ತ.

ಅದೇ ಹೊತ್ತಿಗೆ ಫಹಮಿದಾ ಮಂಡಿ ಮಡಚಿದಳು. ಲಟಕ್. ಊಟದ ಆಸೆ ಬಿಟ್ಟು ಎಲ್ಲರೂ ವೈದ್ಯರಾದರು. ಎಣ್ಣೆ ಆರಿದೆ ಎಂದರು ಒಬ್ಬರು. ಸವೆದುಹೋಗಿದೆ, ನಮ್ಮ ಭಾವನಿಗೂ ಹೀಗೇ ಶುರುವಾದದ್ದು ಎಂದರು ಇನ್ನೊಬ್ಬರು. ಜಯಮ್ಮ ಅವನ ಮುಖ ನೀವಿ, ತಮ್ಮ ಕಣತಲೆಗೆ ಬೆರಳೊತ್ತಿ ಲಟಲಟನೆ ಲಟಿಕೆ ಮುರಿದರು. "ಹತ್ತೂ ಬೆರಳು ಲಟಕ್ ಅಂದ್ವು ನೋಡು. ಮುಂದಿನ ಸಾಲು ಅಂದ್ರೆ ದೃಷ್ಟಿ ತಾಗದೆ ಇರುತ್ತಾ?" ಆ ಹತ್ತು ಸದ್ದಿನ ಬಗ್ಗೆ ಯಾರೂ ಚಿಂತೆ ಮಾಡಲಿಲ್ಲ.

"ಆದಿತ್ಯನಿಗೆ ಫೋನ್ ಮಾಡಿ," ಎಂದರು ರಘುನಾಥರು. ವಾಸುದೇವನಿಗೆ ಅಳುವೇ ಬಂತು.

"ನಿಲ್ರಿ ಸರ್," ಎಂದಳು ಫಹಮಿದಾ. "ಇವರಿಗೆ ನೋವಿಲ್ಲ, ಬಾವಿಲ್ಲ. ಕಾಲು ಸಿಕ್ಕೊಳ್ಳಂಗಿಲ್ಲ, ನಡಿಯುವಾಗ ಕುಸಿಯಂಗಿಲ್ಲ. ಬರೇ ಸಪ್ಪಳ. ಕೀಲಿನೊಳಗ ಗಾಳಿ ಗುಳ್ಳಿ ಆದ್ರೂ ಸಪ್ಪಳ ಬರ್ತೈತಿ, ಎಲುಬಿನ ಮ್ಯಾಲ ಸ್ನಾಯು ಜಾರಿದ್ರೂ ಬರ್ತೈತಿ. ನೋವು, ಬಾವು ಜೋಡಿ ಬಂದ್ರ ಮಾತ್ರ ತೋರಸ್ಬೇಕು. ಇವರು ನಾಳೆ ಧಾರಾಳ ಕುಣೀಲಿ."

ವಾಸುದೇವ ಹಿಗ್ಗಿ ಹೀರೇಕಾಯಿಯಾದ. ಎಲ್ಲರೆದುರು ಎರಡು ಸಲ ಕೂತು ಎದ್ದ. ಎರಡೂ ಸಲ ಲಟಕ್ ಎಂದಿತು, ಅವನಿಗೆ ಚಪ್ಪಾಳೆಯಂತೆ ಕೇಳಿಸಿತು.

ರಘುನಾಥರಿಗೆ ಸಹಿಸಲಾಗಲಿಲ್ಲ. "ಆರೋಗ್ಯವಂತ ಮಂಡಿ ಅಂದ್ರೆ ನಿಶ್ಶಬ್ದವಾಗಿರ್ಬೇಕು. ಹೀಗೆ." ಪ್ಯಾಂಟು ಮೇಲೆಳೆದುಕೊಂಡು ಕುಕ್ಕರಿಸಿದರು. ಸದ್ದೇ ಬರಲಿಲ್ಲ. ಅಧ್ಯಕ್ಷರೂ ಮೇಲೆ ಬರಲಿಲ್ಲ.

ನಾಲ್ಕು ಜನ ಸೇರಿ ಸೋಫಾಕ್ಕೆ ಸಾಗಿಸಿದರು. ಫಹಮಿದಾ ಮಂಡಿ ಮುಟ್ಟಿ ನೋಡಿದಳು. "ಬಾವು ಐತಿ. ನೋವು ಯಾವಾಗಿಂದ ಸರ್?"

"ಏಪ್ರಿಲ್‌ನಿಂದ," ಎಂದರು, ಯಾರಿಗೂ ಕೇಳಿಸದಂತೆ.

"ಹೆದರಬೇಕಾದ್ದು ಇದಕ್ಕ. ಸೋಮವಾರ ಡಾಕ್ಟರಿಗೆ ತೋರಸ್ರಿ. ಅಲ್ಲೀತನ ಕುಣಿಯೋದು ಬ್ಯಾಡ."

ವಾಸುದೇವ ಮರುಕ ಸೂಚಿಸಿ, ಮನೆಯವರೆಗೂ ಮನಸ್ಸಿನಲ್ಲೇ ಕುಣಿಯುತ್ತ ಬಂದ.

ಸಂಜೆ ಗುಂಪಿನಲ್ಲಿ ಬಂದ ಪ್ರಕಟಣೆಯನ್ನು ರಚನಾ ಗಟ್ಟಿಯಾಗಿ ಓದಿದಳು: "ಅಧ್ಯಕ್ಷರು ಕುಣಿಯಲಾಗದ ಕಾರಣ ಕಂಸಾಳೆ ರದ್ದು. ಬದಲಿಗೆ 'ಕೀಲುಗಳ ಸದ್ದು: ಹೆದರುವುದು ಯಾವಾಗ?' ಕುರಿತು ಅಧ್ಯಕ್ಷರಿಂದ ಮುಕ್ಕಾಲು ಗಂಟೆ ಉಪನ್ಯಾಸ. ಅವರನ್ನು ವೇದಿಕೆ ಹತ್ತಿಸಿ, ಮುಗಿಯುವ ತನಕ ಹೆಗಲು ಕೊಟ್ಟು ನಿಲ್ಲುವವರು, ತಜ್ಞರಿಂದಲೇ ಗಟ್ಟಿಮಂಡಿಯವರೆಂದು ದೃಢಪಟ್ಟಿರುವ ಶ್ರೀ ವಾಸುದೇವ್."

ವಾಸುದೇವ ಇಸ್ತ್ರಿ ಮಾಡಿಟ್ಟಿದ್ದ ಕುಣಿತದ ಉಡುಪನ್ನು ಮಡಚಿ ಕಪಾಟಿಗಿಟ್ಟ.

"ಹಳೇ ಷರ್ಟು ಹಾಕ್ಕೊಳ್ಳಿ," ಎಂದಳು ರಚನಾ. "ಅಧ್ಯಕ್ಷರು ಮೈತುಂಬಾ ನೋವಿನೆಣ್ಣೆ ಹಚ್ಕೊಂಡು ಬರ್ತಾರೆ."