ಮರಿಗಡುಬಿನ ಕಿವಿ

ಕಡುಬಿಗೆ ಕಿವಿ ಇದೆ ಎಂದು ನಂಬುವ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಸೋದರಮಾವ. ಆಡಿಕೊಳ್ಳಲು ಹೇಳುತ್ತಿಲ್ಲ. ಆಡಿಕೊಳ್ಳುವ ಉದ್ದೇಶವೂ ಇದೆ ಅನ್ನಿ, ಆದರೆ ಮೊದಲು ವಿಷಯ ಮಂಡನೆ, ಆಮೇಲೆ ಉಳಿದದ್ದು. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ವಾದಿಸಿ ಸ್ಟೀಲಿನ ಕಪ್‌ಗಳನ್ನು ಗೆದ್ದು ತಂದವಳು ನಾನು. ಅರಸೀಕೆರೆಯ ನಮ್ಮ ಮನೆಯಲ್ಲಿ ಅಮ್ಮ ಈಗ ಅವುಗಳಲ್ಲಿ ಸಾಸಿವೆ, ಮೆಂತ್ಯ ಹಾಕಿಟ್ಟಿದ್ದಾಳೆ. ಅಂಥ ನನ್ನನ್ನು ಗೆಂಡೆಹಳ್ಳಿಯ ಈ ಮನುಷ್ಯ ಒಂದು ಪಾತ್ರೆ ಸಾರಿನಿಂದ ಸೋಲಿಸಿದ.

ಸಾರು ಎಂದರೆ ಬರೀ ಸಾರಲ್ಲ. ಮಾವ ಮದುವೆಗೆ ಮುಂಚೆ ಬಿಕ್ಕೋಡಿನ ಕಡೆ ಒಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಗಿದ್ದ. ಅಲ್ಲಿನ ಯಜಮಾನರಿಗೆ ಹ್ಯಾಮು, ಬೀನ್ಸು ಹಾಕಿ, ಸಣ್ಣ ಹಿಟ್ಟಿನುಂಡೆ ತೇಲಿಬಿಟ್ಟ ಗಟ್ಟಿ ಸೂಪು ಬೇಕಾಯಿತಂತೆ. ಮಾವ ಹೂಂ ಅಂದ. ಹ್ಯಾಮು ಅಂದರೆ ಏನು ಅಂತ ಕೇಳಲಿಲ್ಲ. ಕೇಳಿದರೆ ಕೆಲಸ ಉಳಿಯುತ್ತದೆಯೇ? ಆಮೇಲೆ ಯಾರನ್ನೋ ವಿಚಾರಿಸಿ, ಹಂದಿಯ ತೊಡೆಗೆ ಉಪ್ಪು, ಅರಿಶಿನ, ಮೆಣಸು ತಿಕ್ಕಿ ಒಲೆಯ ಮೇಲೆ ನೇತುಹಾಕಿ ವಾರಗಟ್ಟಲೆ ಹೊಗೆ ಕುಡಿಸಿದ. ಬೀನ್ಸಿನ ಜಾಗಕ್ಕೆ ಅವರೆಕಾಳು ಬಂತು. ಹಿಟ್ಟಿನುಂಡೆಯ ಜಾಗಕ್ಕೆ ಅಕ್ಕಿತರಿಯ ಕಡುಬು ಬಂತು, ಆದರೆ ನೆಲ್ಲಿಕಾಯಿಗಿಂತ ದೊಡ್ಡದಲ್ಲ. ಅದಕ್ಕೆ ಅವನಿಟ್ಟ ಹೆಸರು ಮರಿಗಡುಬು. ಯಜಮಾನರು ಒಂದು ಚಮಚ ಬಾಯಿಗಿಟ್ಟು, "ಇದು ಸೂಪ್ ಅಲ್ಲ" ಅಂದರಂತೆ. ಆಮೇಲೆ ಮೂರು ಬಟ್ಟಲು ಕುಡಿದರಂತೆ. ಈ ಕತೆ ಹೇಳುವಾಗ ಮಾವ ಮೂರು ಬಟ್ಟಲಿನಿಂದ ಶುರು ಮಾಡುತ್ತಾನೆ. ಅದಕ್ಕೆ ಮುಂಚಿನದನ್ನು ಅತ್ತೆ ಸೇರಿಸುತ್ತಾಳೆ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಅವನ ಒಲೆಯ ಮೇಲೆ ಒಂದು ತೊಡೆ ನೇತಾಡುತ್ತಲೇ ಇತ್ತು. ನೊಣ ಮುತ್ತದಿರಲಿ ಎಂದು ಅದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುತ್ತಾನೆ. ಒಮ್ಮೆ ಇನ್ಶೂರೆನ್ಸ್ ಮಾಡಿಸುವವರೊಬ್ಬರು ಬಂದು ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ಮೇಲೆ ನೋಡಿದವರೇ ಚಪ್ಪಲಿ ಬಿಟ್ಟು ಎದ್ದು ನಿಂತು ಕೈಮುಗಿದರು.

"ಮುಡುಪಾ ಯಜಮಾನ್ರೇ? ಮಾಲೇಕಲ್ಲು ತಿಮ್ಮಪ್ಪಂಗೆ ಕಟ್ಟಿರೋದಾ?"

"ಅಲ್ಲ, ಅವರೆಕಾಳಿಗೆ," ಅಂದ ಮಾವ.

ಅವರು ಪಾಲಿಸಿ ಮಾಡಿಸದೆ ಹೊರಟು ಹೋದರು.

ಇರಲಿ, ಕಿವಿಯ ವಿಷಯಕ್ಕೆ ಬರೋಣ. ಸಾರು ಮರಳಿದ ಮೇಲೆ ಮಾವ ಮರಿಗಡುಬುಗಳನ್ನು ಒಂದೊಂದಾಗಿ ಒಳಗೆ ಬಿಟ್ಟು, ಮುಚ್ಚಳ ಹಾಕಿ, ಅಂಚಿನ ಸುತ್ತ ಕಲಸಿದ ರಾಗಿಹಿಟ್ಟು ಮೆತ್ತುತ್ತಾನೆ. ಅಲ್ಲಿಂದ ಇಳಿಸುವವರೆಗೆ ಮುಚ್ಚಳ ತೆಗೆಯುವಂತಿಲ್ಲ. ನಡುವೆ ತಣ್ಣನೆ ಗಾಳಿ ಹೊಕ್ಕರೆ ಕಡುಬು ಬಿರಿಯುತ್ತವೆ. ಎರಡು ನಿಮಿಷ ಹೆಚ್ಚು ಬೆಂದರೆ ಕರಗಿ ಗಂಜಿಯಾಗುತ್ತವೆ.

"ಮತ್ತೆ ಬೆಂದಿದ್ದು ಹೇಗೆ ಗೊತ್ತಾಗುತ್ತೆ ಮಾವ? ಗಡಿಯಾರ ಇಟ್ಕೋಬಾರದಾ?"

"ಸೌದೆಗೆ ಗಡಿಯಾರ ನೋಡಕ್ಕೆ ಬತ್ತದಾ? ಒಂದಿನ ಧಗಧಗ ಉರೀತೈತೆ, ಒಂದಿನ ಅಳ್ತಾ ಕೂರ್ತೈತೆ. ಬೆಂದ್ರೆ ಕಡುಬೇ ಹೇಳ್ತವೆ."

"ಕಡುಬು ಹೇಳುತ್ತಾ?"

"ಒಳಗಿಂದ ಬಾಗಿಲು ತಟ್ತವೆ ಕಣೇ. ಆದ್ರೆ ಅವಕ್ಕೆ ಕಿವಿ ಐತೆ. ನೀವು ಮಾತಾಡ್ತಾ ಕೂತ್ರೆ ಅದನ್ನ ಕೇಳ್ತಾ ಮೈಮರೆತು ಒಡೆದು ಹೋಗ್ತವೆ. ಎದ್ದು ಆಚೆ ನಡಿ."

ಹೀಗೆ ಮರಿಗಡುಬು ಒಳಗೆ, ನಾನು ಹೊರಗೆ. ಪ್ರತಿ ಸಲವೂ ಇದೇ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ನಾನು ಚಿಕ್ಕವಳಿದ್ದಾಗ ಈ ಕಾನೂನು ಮಕ್ಕಳಿಗೆ ಮಾತ್ರ ಅನ್ವಯಿಸುತ್ತಿತ್ತು. ದೊಡ್ಡವರು ಮೆಲ್ಲಗೆ ಮಾತಾಡಬಹುದಿತ್ತು. ನಾನು ಕಾಲೇಜು ಸೇರುವ ಹೊತ್ತಿಗೆ ದೊಡ್ಡವರೂ ಬಾಯಿ ಮುಚ್ಚಬೇಕಾಯಿತು. ಆಮೇಲೆ ಮಿಕ್ಸಿ ನಿಂತಿತು. ಆಮೇಲೆ ಟಿವಿ. ಹೋದ ವರ್ಷ ಫ್ಯಾನು ತಿರುಗುವುದೂ ನಿಷೇಧವಾಯಿತು. ಪಕ್ಕದ ಮನೆಯವರು ಮೋಟರು ಹಾಕಿದ್ದಕ್ಕೆ ಮಾವ ಬೇಲಿಯ ಬಳಿ ಹೋಗಿ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಮೋಟರಿಗೇ ಕೈಮುಗಿದು ನಿಂತನಂತೆ. ಅವರು ಗಾಬರಿಯಾಗಿ ಆರಿಸಿದರಂತೆ.

ಮನೆಯಲ್ಲಿ ಎಲ್ಲ ಕೈಸನ್ನೆ. ಒಂದು ದಿನ ಆ ಹೊತ್ತಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ತಲೆಯ ಪಕ್ಕ ಎತ್ತಿ ಆಡಿಸಿದಳು. ಮಾವ ಸಂತೋಷದಿಂದ ತಲೆದೂಗಿದ. ಅವಳು ಹೇಳಿದ್ದು ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ ಎಂದು. ಅವನು ತಿಳಿದದ್ದು ಸಾರಿನ ಘಮ ತಲೆಗೇರಿದೆ ಎಂದು. ಎಮ್ಮೆ ಸಂಜೆ ಬೇಲೂರಿನ ರಸ್ತೆಯಲ್ಲಿ ಸಿಕ್ಕಿತು.

ನಾನು ಸುಮ್ಮನಿರುತ್ತೇನೆಯೇ? ಊಟಕ್ಕೆ ಕೂತಾಗಲೆಲ್ಲ ಆಧಾರ ಕೇಳಿದೆ. ಕಿವಿ ಎಂಬ ಅಂಗ ಇರಬೇಕಾದರೆ ಮೊದಲು ಜೀವ ಇರಬೇಕು, ಜೀವ ಇದ್ದರೆ ನೀನು ಅದನ್ನು ಬೇಯಿಸುವುದು ಕೊಲೆಯಾಗಬೇಕು, ಎರಡರಲ್ಲಿ ಒಂದನ್ನು ಆರಿಸಿಕೋ ಎಂದೆ. ಮಾವ ನಗುತ್ತಾ ತಲೆಯಾಡಿಸುತ್ತಿದ್ದ, ನನ್ನ ತಟ್ಟೆಗೆ ಇನ್ನೆರಡು ಮರಿಗಡುಬು ಹಾಕುತ್ತಿದ್ದ. ಪ್ರಶ್ನೆ ಒಂದಾದರೆ ಉತ್ತರ ಇನ್ನೊಂದು. ಇದಕ್ಕೆ ನಮ್ಮ ಸ್ಪರ್ಧೆಗಳಲ್ಲಿ ವಿಷಯಾಂತರ ಎನ್ನುತ್ತಾರೆ, ಅಂಕ ಕಳೆಯುತ್ತಾರೆ. ಎದುರಾಳಿಯನ್ನು ಕೆಣಕುವ ಅವನ ತಂತ್ರ ಅದು ಎಂದುಕೊಂಡು ನಾನು ಇನ್ನಷ್ಟು ವಾದಿಸಿದೆ.

ಅವನ ಮಗನಿಗೆ ನನ್ನನ್ನೇ ತರಬೇಕೆಂದು ನೆಂಟರಲ್ಲಿ ಒಮ್ಮೆ ಮಾತು ಬಂದಾಗ ಅತ್ತೆ ಕಡ್ಡಿ ಮುರಿದಂತೆ ಹೇಳಿದಳು: "ಅವಳು ಈ ಮನೆಗೆ ಬಂದ್ರೆ ಒಂದು ಕಡುಬೂ ಬೇಯಾಕಿಲ್ಲ." ನಾನೂ ಅವಳ ಮಗನೂ ಅವಳ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಕೃತಜ್ಞತೆ ನಮಗೆ.

ಕೊನೆಗೆ ಪ್ರಯೋಗವೇ ಆಗಲಿ ಎಂದು ಸವಾಲು ಹಾಕಿದೆ. ಒಂದೇ ಸಾರು, ಎರಡು ಪಾತ್ರೆ. ಅವನದು ಒಳಗಿನ ಒಲೆಯ ಮೇಲೆ, ಮೌನದಲ್ಲಿ. ನನ್ನದು ಹಿತ್ತಿಲ ಒಲೆಯ ಮೇಲೆ, ಮಾತಿನಲ್ಲಿ. ಪಾತ್ರೆಯ ಎದುರು ನಿಂತು ವೈಜ್ಞಾನಿಕ ಮನೋಭಾವದ ಅಗತ್ಯ ಎಂಬ ವಿಷಯದ ಮೇಲೆ ಪೀಠಿಕೆ, ಮಂಡನೆ, ಖಂಡನೆ, ಉಪಸಂಹಾರ ಎಲ್ಲ ಮುಗಿಸಿ ಮುಚ್ಚಳ ತೆಗೆದೆ. ಒಳಗೆ ಒಂದು ಮರಿಗಡುಬೂ ಇರಲಿಲ್ಲ. ಗಂಜಿ ಇತ್ತು. ಅವನ ಪಾತ್ರೆಯಲ್ಲಿ ಒಂದೂ ಒಡೆದಿರಲಿಲ್ಲ.

ಮಾವ ಸೌಟಿನಲ್ಲಿ ಅದನ್ನು ಎತ್ತಿ ಎತ್ತಿ ಸುರಿದು ನೋಡಿದ. "ನಿನ್ನ ಭಾಷಣಕ್ಕೆ ಇಷ್ಟು ಕರಗಿದೋರು ಯಾವ ಕಾಲೇಜಲ್ಲೂ ಸಿಕ್ಕಿರಾಕಿಲ್ಲ ಬಿಡು," ಅಂದ.

ಮಾತಿನ ಭರದಲ್ಲಿ ಸೌದೆ ಹಿಂದಕ್ಕೆಳೆಯುವುದನ್ನು ಮರೆತೆ, ಅಷ್ಟೇ ಕಾರಣ, ಎಂದು ನಾನು ವಾದಿಸಿದೆ. ಗಂಜಿ ಕುಡಿಯುತ್ತಾ ವಾದಿಸುವವರನ್ನು ಯಾರು ನಂಬುತ್ತಾರೆ?

ಇದಾಗಿ ಕೆಲವು ತಿಂಗಳಿಗೆ ಆ ಮಗನಿಗೆ ಹಳೇಬೀಡಿನ ಹುಡುಗಿಯೊಂದಿಗೆ ಮದುವೆಯಾಯಿತು. ಮದುವೆಯ ಊಟ ಹೇಗಿದ್ದರೂ ಪಾಯಸ, ಹೋಳಿಗೆ. ಅಸಲಿ ಪರೀಕ್ಷೆ ನಡೆಯುವುದು ಬೀಗರೂಟದಲ್ಲಿ, ಬೀಗರಿಗೆ ಬಾಡೂಟ ಹಾಕುವ ದಿನ. ಅವತ್ತಿನ ಸಾರು ಕೆಟ್ಟರೆ ಮೊಮ್ಮಕ್ಕಳ ನಾಮಕರಣದಲ್ಲೂ ಅದರ ಮಾತು ಬರುತ್ತದೆ. ಬೀಗರೂಟಕ್ಕೆ ತನ್ನ ಸಾರೇ ಆಗಬೇಕೆಂದು ಮಾವ ಹೇಳಿದ. ಅತ್ತೆ ಬೇಲೂರಿನಿಂದ ಅಡುಗೆಯವರನ್ನು ಕರೆಸೋಣ ಎಂದಳು.

"ಯಾಕೆ? ನನ್ ಕೈಗೇನಾಗೈತೆ?"

"ಕೈಗೇನೂ ಆಗಿಲ್ಲ. ಹಿಂದ್ಲೆರಡು ಸಲ ಕಡುಬು ಗಂಜಿ ಆಗ್ಲಿಲ್ವಾ? ಮೊದಲ್ನೇ ಸಲ ಕಾಗೆ ಕೂಗ್ತು ಅಂದ್ರಿ. ಆಮ್ಯಾಕೆ ತಿರುವಲ್ಲಿ ಬಸ್ಸು ಹಾರನ್ ಹೊಡೀತು ಅಂದ್ರಿ. ಬೀಗ್ರ ಮುಂದೆ ಯಾವ ಕಾಗೆ ಹುಡುಕ್ಲಿ ನಾನು?"

ಮಾವ ಹೆಗಲ ಟವೆಲ್ಲು ಕೊಡವಿದ. "ಈ ಸಲ ಕೆಟ್ರೆ ಇನ್ಮುಂದೆ ಸೌಟು ಮುಟ್ಟಾಕಿಲ್ಲ. ಮೇಲಿರೋ ತೊಡೆನೂ ಇಳಿಸ್ಬಿಡ್ತೀನಿ," ಅಂದ. ಅತ್ತೆ ಬೇಲೂರಿನ ಅಡುಗೆಯವರ ಮಾತು ಕೈಬಿಟ್ಟಳು.

ಬೀಗರೂಟದ ದಿನ ಅಂಗಳದಲ್ಲಿ ಶಾಮಿಯಾನ, ಮೈಕ್ ಸೆಟ್ಟು, ಇನ್ನೂರು ಜನ, ಇನ್ನೂರು ಬಾಯಿ. ಮಾವ ಅಡುಗೆಮನೆಯಲ್ಲಿ ಮೂರಾಳು ಎತ್ತುವ ತಪ್ಪಲೆಗೆ ಮರಿಗಡುಬು ಬಿಟ್ಟು, ಮುಚ್ಚಳದ ಅಂಚಿಗೆ ರಾಗಿಹಿಟ್ಟು ಮೆತ್ತಿ, ಬೆವರೊರೆಸಿಕೊಂಡು ಹೊರಗೆ ಬಂದ. ಗಲಾಟೆ ನೋಡಿದ. ನನ್ನ ತೋಳು ಹಿಡಿದು ಮೈಕಿನ ಮುಂದೆ ನಿಲ್ಲಿಸಿದ.

"ಕಾಲು ಗಂಟೆ ಯಾರೂ ಮಾತಾಡ್ಬಾರ್ದು ಅಂತ ಹೇಳು."

"ನಾನಾ? ನಾನು ಇದರ ವಿರೋಧ ಪಕ್ಷ ಮಾವ."

"ಪರ ಕೊಟ್ರೂ ಮಾತಾಡ್ತೀನಿ ಅಂತಿದ್ಯಲ್ಲ. ತಗಾ, ಪರ ಕೊಟ್ಟಿದೀನಿ."

ನಾನು ಮೈಕ್ ತೆಗೆದುಕೊಂಡೆ. ಮಾನ್ಯ ಬೀಗರೇ, ಒಳಗೆ ಮರಿಗಡುಬುಗಳು ಬೇಯುತ್ತಿವೆ, ಅವಕ್ಕೆ ಕಿವಿ ಇದೆ ಎಂಬುದು ಈ ಮನೆಯ ಬಲವಾದ ನಂಬಿಕೆ, ಆದ್ದರಿಂದ ಕಾಲು ಗಂಟೆ ಎಲ್ಲರೂ ಮೌನವಾಗಿರಬೇಕು ಎಂದೆ. ನನ್ನ ಜೀವನದಲ್ಲಿ ಇಷ್ಟು ದುರ್ಬಲವಾದ ವಾದವನ್ನು ನಾನು ಮಂಡಿಸಿದ್ದಿಲ್ಲ.

ಹೆಣ್ಣಿನ ದೊಡ್ಡಪ್ಪ ಮುಂದಿನ ಸಾಲಿನಿಂದ, "ಏನವ್ವಾ ಇದು, ಕಡುಬು ಮಲಗ್ಯವಾ?" ಅಂದರು.

"ಮಲಗಿಲ್ಲ ದೊಡ್ಡಪ್ಪ, ಕೇಳಿಸ್ಕೋತಾ ಇವೆ. ನೀವು ಈಗ ಅಂದಿದ್ದೂ ಕೇಳಿಸಿರುತ್ತೆ."

ಅವರು ಒಂದು ಕ್ಷಣ ಅಡುಗೆಮನೆಯ ಕಡೆ ನೋಡಿ, ಯಾಕೋ ಬಾಯಿ ಮುಚ್ಚಿಕೊಂಡರು. ಹಿರಿಯರೇ ಮುಚ್ಚಿದ ಮೇಲೆ ಉಳಿದವರು ಏನು ಮಾಡುತ್ತಾರೆ? ಹಳೇಬೀಡಿನ ಬೀಗರೆಲ್ಲ ತಮ್ಮೂರ ದೇವಸ್ಥಾನದ ಗೋಡೆಯ ಸಾಲುಗೊಂಬೆಗಳ ಹಾಗೆ ಅಲುಗಾಡದೆ ಕೂತರು. ಬೀಗರೂಟವೊಂದರಲ್ಲಿ ನೊಣ ಹಾರಿದ್ದು ಕೇಳಿಸಿದ್ದು ಅದೇ ಮೊದಲಿರಬೇಕು.

ಗೆದ್ದ ಸುದ್ದಿ ಹೇಳಲು ಅಡುಗೆಮನೆಗೆ ಹೋದೆ. ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಕಾಲಿಟ್ಟಿದ್ದೂ ಅದೇ ಮೊದಲು. ಬಾಗಿಲಿಗೆ ಬರುತ್ತಿದ್ದಂತೆ ನನಗೆ ಕೇಳಿಸಿತು: ಟೊಕ್. ಟೊಕ್ ಟೊಕ್. ಮರಿಗಡುಬುಗಳು ಬೆಂದು, ಹಗುರಾಗಿ, ಮೇಲೆ ತೇಲಿ ಬಂದು ಮುಚ್ಚಳಕ್ಕೆ ತಲೆ ತಾಕಿಸುತ್ತಿದ್ದವು. ಒಳಗಿಂದ ಬಾಗಿಲು ತಟ್ಟುತ್ತಿದ್ದವು. ಮಾವ ಇಷ್ಟು ವರ್ಷ ಹೇಳುತ್ತಿದ್ದುದು ಅಕ್ಷರಶಃ ನಿಜವಾಗಿತ್ತು. ನಾನು ಕೇಳಿಸಿಕೊಂಡಿರಲಿಲ್ಲ, ಏಕೆಂದರೆ ಅಷ್ಟೂ ವರ್ಷ ನಾನು ಮಾತಾಡುತ್ತಲೇ ಇದ್ದೆ.

ಮಾವ ತಪ್ಪಲೆಯ ಮೇಲೆ ಬಾಗಿ, ಟವೆಲ್ಲು ಅಡ್ಡ ಹಿಡಿದು, ಕಿವಿಯನ್ನು ಮುಚ್ಚಳಕ್ಕೆ ತಾಕುವಷ್ಟು ಹತ್ತಿರ ತಂದಿದ್ದ. ಕಿವಿ ಹಬೆಗೆ ಕೆಂಪಗಾಗಿತ್ತು. ಅವನ ಕಿವಿಯ ಕೆಳಗೇ ಟೊಕ್ ಟೊಕ್ ಎಂದು ತಟ್ಟುತ್ತಿತ್ತು, ಬಾಗಿಲಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ಕಾಯುತ್ತಿದ್ದ.

ನನ್ನನ್ನು ಕಂಡು ತಲೆಯೆತ್ತಿ ಪಿಸುಗುಟ್ಟಿದ, "ಇನ್ನೂ ಸುಮ್ನಾಗಿಲ್ವಾ ಅವ್ರು?"

ಹೊರಗೆ ಇನ್ನೂರು ಜನ ಕಲ್ಲಿನಂತೆ ಕೂತಿದ್ದರು.

ವಾದ ಮಾಡುವವರಿಗೆ ಒಂದು ಕೆಟ್ಟ ಅಭ್ಯಾಸವಿದೆ, ಒಂದು ಎಳೆ ಸಿಕ್ಕಿದರೆ ಸಾಕ್ಷ್ಯಗಳೆಲ್ಲ ತಾವಾಗಿ ಸಾಲುಗಟ್ಟಿ ನಿಲ್ಲುತ್ತವೆ. ಮೊದಲು ಮಕ್ಕಳು, ಆಮೇಲೆ ದೊಡ್ಡವರು, ಆಮೇಲೆ ಮಿಕ್ಸಿ, ಟಿವಿ, ಫ್ಯಾನು. ನನ್ನ ವಾದಕ್ಕೆಲ್ಲ ನಕ್ಕು ತಲೆಯಾಡಿಸಿದ್ದು. ಕಾಗೆ. ಬಸ್ಸು. ವರ್ಷದಿಂದ ವರ್ಷಕ್ಕೆ ಅವನಿಗೆ ಲೋಕ ಇನ್ನಷ್ಟು ಮೆಲ್ಲಗೆ ಮಾತಾಡುತ್ತಾ ಹೋಗಿತ್ತು. ಅವನು ಲೋಕವನ್ನು ಇನ್ನಷ್ಟು ಸುಮ್ಮನಿರಿಸುತ್ತಾ ಹೋಗಿದ್ದ. ಯಾರಿಗೂ ಹೇಳಿರಲಿಲ್ಲ, ಬಹುಶಃ ತನಗೂ.

ಇದನ್ನೆಲ್ಲ ಅಲ್ಲಿಯೇ ಮಂಡಿಸಬಹುದಿತ್ತು. ಇಷ್ಟು ಗಟ್ಟಿ ವಾದ ನನಗೆ ಮತ್ತೆಂದೂ ಸಿಗುವುದಿಲ್ಲ. ನಾನು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವನ ಕೈ ಹಿಡಿದುಕೊಂಡೆ. ಮುಚ್ಚಳಕ್ಕೆ ಒಂದು ಕಡುಬು ತಟ್ಟಿದಾಗ ಅವನ ಮುಂಗೈ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದೆ. ಎರಡು ತಟ್ಟಿದಾಗ ಎರಡು. ಅವನು ನನ್ನ ಬೆರಳನ್ನೇ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ಕಣ್ಣು ಮುಚ್ಚಿಕೊಂಡ. ತಟ್ಟುವುದು ಹೆಚ್ಚಾಯಿತು. ನನ್ನ ಬೆರಳು ಮಳೆ ಹಿಡಿದ ಹಾಗೆ ಅವನ ಕೈಮೇಲೆ ಓಡಿತು.

"ಸಾಕು," ಅಂದ. "ಬೆಂಕಿ ತೆಗಿ."

ಮುಚ್ಚಳ ತೆಗೆದಾಗ ಮರಿಗಡುಬುಗಳು ದುಂಡಗೆ, ಬೆಳ್ಳಗೆ, ಅವರೆಕಾಳಿನ ನಡುವೆ ತೇಲುತ್ತಿದ್ದವು. ಒಂದು ಮಾತ್ರ ಅಂಚಿನಲ್ಲಿ ಬಿರಿದಿತ್ತು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ನಾನು ಸಾಕ್ಷ್ಯ ನಾಶ ಮಾಡಿದೆ. ನಾಲಿಗೆ ಸುಟ್ಟುಹೋಯಿತು.

ಹೆಣ್ಣಿನ ದೊಡ್ಡಪ್ಪ ಮೂರು ಸಲ ಹಾಕಿಸಿಕೊಂಡರು. ಇದು ಸೂಪೋ ಸಾರೋ ಎಂದು ಅವರ ಸಾಲಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ, ಬಾಯೊಳಗೆ ಬೊಬ್ಬೆ ಎದ್ದಿತ್ತು. ಬಡಿಸಿ ಮುಗಿಸಿ ಮಾವ ಬಂದು ನನ್ನ ಪಕ್ಕ ಕೂತ.

"ಈಗ್ಲಾದ್ರೂ ಒಪ್ಕೋತೀಯಾ? ಕಡುಬಿಗೆ ಕಿವಿ ಐತೆ ಅಂತ?"

"ಐತೆ ಮಾವ," ಅಂದೆ.

ಅವನು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ. ಕೇಳಿಸಿರಲಿಲ್ಲ. ನಾನು ಅವನ ಕಿವಿಯ ಹತ್ತಿರ ಬಾಗಿ, ಸ್ವಲ್ಪ ಜೋರಾಗಿ, ಇನ್ನೊಂದು ಸಲ ಸೋತೆ.