ಕೆರೆಯ ದೋಣಿಗೆ ನಮ್ಮ ನಲ್ಲಿಯ ವೇಗ

ಇವತ್ತು ಬೆಳಗಿನಿಂದ ಮಾಡಿದ ಕೆಲಸ ಇಷ್ಟು. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಓಡಿಹೋಗಿ ಡ್ರಮ್ಮು, ಹಂಡೆ, ಕೊಡ ಎಲ್ಲ ತುಂಬಿಸಿದೆ. ಹಾಲು ಕಾಯಿಸಿ ಕಾಫಿ ಕೊಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ನಮ್ಮ ನಲ್ಲಿ ಗಂಟೆಗೆ ಎಷ್ಟು ಮೈಲಿ ಓಡುತ್ತದೆ ಎಂದು ನೋಡಿದೆ. ಆಮೇಲೆ ಸ್ಕೂಟರಿನಲ್ಲಿ ಕೂತು ಒಂದು ದೋಣಿಯ ಜೊತೆಜೊತೆಗೇ ಹೋದೆ. ಕೊನೆಯ ಎರಡನ್ನು ಬಿಟ್ಟರೆ ಉಳಿದವೆಲ್ಲ ರಾಜಾಜಿನಗರದ ಯಾವ ಹೆಂಗಸಾದರೂ ದಿನಾ ಮಾಡುವ ಕೆಲಸಗಳೇ.

ಆ ಎರಡಕ್ಕೂ ಮೂಲ ನಮ್ಮ ಮನೆಯ ಬೋರ್ಡು. ಯಜಮಾನರು ಮುಂದಿನ ಕೋಣೆಯಲ್ಲೇ ಸ್ಕೂಟರು, ಆಟೋಗಳ ಮೀಟರು ರಿಪೇರಿ ಮಾಡುತ್ತಾರೆ. ಬೋರ್ಡು ಬರೆಸುವಾಗ 'ಮೀಟರ್ ರಿಪೇರಿ' ಎಂದಷ್ಟೇ ಸಾಕು ಎಂದಿದ್ದರು. ಅಷ್ಟುದ್ದ ತಗಡನ್ನು ಸುಮ್ಮನೆ ಖಾಲಿ ಬಿಡುವುದೇಕೆ ಎಂದು ಆ ಮಾತಿಗೆ ಮೊದಲು 'ಎಲ್ಲಾ ತರಹದ' ಎಂದು ಸೇರಿಸಿದವಳು ನಾನು. ಖಾಲಿ ಡಬ್ಬ ಕಂಡರೆ ಏನನ್ನಾದರೂ ತುಂಬಿಡುವ ಅಭ್ಯಾಸ ನನ್ನದು.

ಆ ಮಾತನ್ನು ನಂಬಿಕೊಂಡು ಹೋದ ವಾರ ರಾಜಣ್ಣ ಬಂದ. ಕೆಂಗೇರಿಯಾಚೆಯ ಕೆರೆಯೊಂದರಲ್ಲಿ, ರಜಾದಿನ ಕಳೆಯಲು ಬರುವವರನ್ನು ಮೋಟಾರು ದೋಣಿಯಲ್ಲಿ ಸುತ್ತಾಡಿಸುವವನು. ಕೈಯಲ್ಲಿ ದೋಣಿಯ ಸ್ಪೀಡೋಮೀಟರು, ಅದಕ್ಕೆ ಬಾಲದಂತೆ ಒಂದು ರಬ್ಬರು ಕೊಳವೆ. ದೋಣಿಯನ್ನು ಎಷ್ಟು ಜೋರಾಗಿ ಓಡಿಸಿದರೂ ಮುಳ್ಳು ಐದು ಮೈಲಿಯ ಮೇಲೆ ಏಳುವುದಿಲ್ಲವಂತೆ. ಯಜಮಾನರು ಬಿಚ್ಚಿ ನೋಡಿದರು. ಸ್ಕೂಟರಿನದಾದರೆ ಒಳಗೆ ತಿರುಗುವ ಕೇಬಲ್ಲು ಇರುತ್ತದೆ. ಇಲ್ಲಿ ತಿರುಗುವಂಥದ್ದೇ ಏನೂ ಇಲ್ಲ. ದೋಣಿಯ ಹಿಂಭಾಗದಲ್ಲಿ, ನೀರಿನೊಳಗೆ, ಬೆರಳುದ್ದದ ಒಂದು ಪೈಪಿದೆ, ಅದರ ಮೂತಿಯಲ್ಲಿ ಸಣ್ಣ ತೂತು, ದೋಣಿ ಓಡಿದಷ್ಟೂ ನೀರು ಆ ತೂತಿನೊಳಗೆ ಒತ್ತುತ್ತದೆ, ಆ ಒತ್ತಡಕ್ಕೆ ಮುಳ್ಳು ಏಳುತ್ತದೆ ಎಂದು ರಾಜಣ್ಣನೇ ವಿವರಿಸಿದ. ಆಗೊಲ್ಲ ಅಂದುಬಿಡಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಇವರು ತಲೆಯೆತ್ತಿ ಬೋರ್ಡು ನೋಡಿ, ಇಟ್ಟು ಹೋಗಪ್ಪ ಎಂದರು.

ನೀರಿನ ಒತ್ತಡಕ್ಕೆ ಕೆರೆಗೇ ಹೋಗಬೇಕೇ, ಮನೆಯ ನಲ್ಲಿ ಇಲ್ಲವೇ? ಮರುದಿನ ನೀರು ಬಂದಾಗ ಕೊಳವೆಯನ್ನು ನಲ್ಲಿಗೆ ಸಿಕ್ಕಿಸಿ ತಿರುಗಿಸಿದರು. ಮುಳ್ಳು ಎಂಟು ಮೈಲಿಗೆ ಏರಿ ನಿಂತಿತು. ಪಕ್ಕದ ಮನೆಯ ಶಾಂತಮ್ಮನವರು ಕೊಡ ಹಿಡಿದು ಬಂದವರು ಇದನ್ನು ನೋಡಿ, ನಮ್ಮದನ್ನೂ ಒಂದ್ಸಲ ನೋಡಿಬಿಡಿ ಎಂದರು. ಅವರ ನಲ್ಲಿ ಹನ್ನೊಂದು ತೋರಿಸಿತು. ಅವರು ನನ್ನ ಮುಖ ನೋಡಿ ನಕ್ಕರು. ಆ ನಗು ನನಗೆ ಇಡೀ ದಿನ ಊಟ ಸೇರದಂತೆ ಮಾಡಿತು. ವಿಜಯನಗರದ ತಂಗಿಗೆ ನಮ್ಮ ನಲ್ಲಿಯ ರಭಸದ ಬಗ್ಗೆ ವರ್ಷಗಟ್ಟಲೆ ಹೇಳಿಕೊಂಡು ಬಂದವಳು ನಾನು.

"ರೀ, ಮೀಟರು ಕಮ್ಮಿ ತೋರಿಸುತ್ತೆ ಅಂತ ತಾನೇ ರಾಜಣ್ಣ ತಂದಿದ್ದು? ನಮ್ಮನೆ ನಲ್ಲಿ ಎಂಟು ಅಂದ್ರೆ ಯಾರಾದ್ರೂ ನಂಬ್ತಾರಾ?" ಎಂದೆ.

ಅವರಿಗೂ ಹೌದೆನ್ನಿಸಿತು. ಮುಳ್ಳನ್ನು ಕಿತ್ತು, ನಮ್ಮ ನಲ್ಲಿ ಇಪ್ಪತ್ತು ತೋರಿಸುವ ಹಾಗೆ ಎತ್ತರಿಸಿ ಕೂರಿಸಿದರು. ಇಪ್ಪತ್ತರ ಸುದ್ದಿಯನ್ನು ಕಾಂಪೌಂಡಿನ ಮೇಲಿಂದ ಶಾಂತಮ್ಮನವರಿಗೆ ಮುಟ್ಟಿಸಿದೆ. ಅವರ ನಲ್ಲಿಯನ್ನು ಇನ್ನೊಮ್ಮೆ ಅಳೆಯಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಇವತ್ತು ಬೆಳಗ್ಗೆ ಕಾಫಿ ಹೊತ್ತಿಗೇ ರಾಜಣ್ಣ ಮೀಟರಿನ ಸಮೇತ ವಾಪಸು ಬಂದ. ಜಗಳವಾಡಲಿಲ್ಲ, ಅದೇ ಕಷ್ಟ. "ಸಾರ್, ಗೂಟಕ್ಕೆ ಕಟ್ಟಿಹಾಕಿರೋ ದೋಣಿ ಹನ್ನೆರಡು ಮೈಲೀಲಿ ಹೋಗ್ತಾ ಇದೆ. ನಿಂತಿದೆ ಇಳೀರಿ ಅಂದ್ರೆ ಒಬ್ಬಮ್ಮ ಮೀಟರು ನೋಡಿ, ನಿಲ್ಸಿ ಆಮೇಲೆ ಇಳೀತೀನಿ ಅಂತಾರೆ." ಹೊರಡುವವನಂತೆ ಮೆಟ್ಟಿಲಿಳಿದು ಮೇಲೆ ನೋಡಿದ. "ಆ 'ಎಲ್ಲಾ' ಅನ್ನೋದನ್ನ ಅಳಿಸಿಬಿಡಿ ಸಾರ್. ನನ್ನಂಥೋರು ನಂಬ್ಕೊಂಡು ಬಂದ್ಬಿಡ್ತೀವಿ."

ಯಜಮಾನರ ಮುಖ ನೋಡಲಾಗಲಿಲ್ಲ. ಒಂದು ಮಾತನ್ನು ಅಳಿಸಿದರೆ ಅಲ್ಲೊಂದು ಕಲೆ ಉಳಿಯುತ್ತದೆ, ಅದು ಇಡೀ ಬೀದಿಗೆ ಕಾಣುತ್ತದೆ. ಅವನನ್ನು ಕೂರಿಸಿ ಕಾಫಿ ಕೊಟ್ಟೆ. ಈ ಸಲ ಆ ಬೆರಳುದ್ದದ ಪೈಪನ್ನೂ ಬಿಚ್ಚಿ ತಂದಿದ್ದ. ತೂತಿನಲ್ಲಿ ಪಾಚಿ, ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನೋಡಿದರೆ ನಮ್ಮ ಸೀಮೆಎಣ್ಣೆ ಸ್ಟೌ ಕಟ್ಟಿಕೊಂಡಾಗ ಬರ್ನರಿನ ತೂತು ಹೇಗಿರುತ್ತದೋ ಹಾಗೇ. ಒಳಗಿಂದ ಸ್ಟೌ ಪಿನ್ನು ತಂದುಕೊಟ್ಟೆ. ಯಜಮಾನರು ಚುಚ್ಚಿ, ಊದಿ, ತೊಳೆದರು. ಮುಳ್ಳನ್ನು ಸೊನ್ನೆಗೆ ಕೂರಿಸಿದರು. ನಲ್ಲಿಗೆ ಸಿಕ್ಕಿಸಿ ನೋಡಿದಾಗ ಎಂಟು. ಮೀಟರು ಮೊದಲ ದಿನವೂ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಪೈಪು, ಆಮೇಲೆ ನಾನು.

ದೋಣಿಯಲ್ಲಿ ಸರಿಯಾಯಿತೆಂದು ತಿಳಿಯುವುದು ಹೇಗೆ? ಕೆರೆ ಏರಿಯ ಮೇಲೆ ಸ್ಕೂಟರು, ನೀರಿನಲ್ಲಿ ದೋಣಿ, ಎರಡೂ ಸಮಸಮ ಹೋಗುವುದು ಎಂದಾಯಿತು. ಊರಿನವರ ಮೀಟರೆಲ್ಲ ಸರಿಮಾಡುವ ಇವರ ಸ್ಕೂಟರಿನ ಮೀಟರೇ ಒಂದು ವರ್ಷದಿಂದ ಕೆಟ್ಟಿತ್ತು. ಮೊದಲು ಅದರ ರಿಪೇರಿಯಾಯಿತು. ಇವರಿಗೆ ಏರಿಯ ಗುಂಡಿಗಳ ಮೇಲೆ ಕಣ್ಣಿಡಬೇಕು, ಹಾಗಾಗಿ ಹಿಂದೆ ಕೂತು, ಸೆರಗು ಸಿಕ್ಕಿಸಿ, ಅವರ ಭುಜದ ಮೇಲಿಂದ ಇಣುಕಿ ಮುಳ್ಳು ನೋಡುವ ಕೆಲಸ ನನ್ನದು. ಇಪ್ಪತ್ತನಾಲ್ಕು ಕಿಲೋಮೀಟರಿಗೆ ಬಂದಾಗ ಕೈ ಎತ್ತಿದೆ. ಅಂದರೆ ಹದಿನೈದು ಮೈಲಿ, ಇವರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದರು. ರಾಜಣ್ಣ ದೋಣಿಯಿಂದ ಐದು ಬೆರಳನ್ನು ಬಿಚ್ಚಿ ತೋರಿಸಿದ. ಇವರ ಬೆನ್ನು ಕಲ್ಲಿನಂತಾಯಿತು. ಮತ್ತೆ ಐದು. ಮತ್ತೆ ಐದು. ಬೋರ್ಡು ಉಳಿಯಿತು.

ಹೊರಡುವಾಗ ರಾಜಣ್ಣ, "ಅಕ್ಕ, ಆ ಪಿನ್ನು ಇಲ್ಲೇ ಇರಲಿ. ಮತ್ತೆ ಪಾಚಿ ಕಟ್ಟಿದ್ರೆ ಬೇಕಾಗುತ್ತೆ" ಎಂದ. ಬೇಕಾದೀತೆಂದು ಜೊತೆಗೆ ತಂದಿದ್ದ ಪಿನ್ನನ್ನು ಗೆದ್ದ ಸಂತೋಷದಲ್ಲಿ ಧಾರಾಳವಾಗಿ ಕೊಟ್ಟುಬಿಟ್ಟೆ.

ಸಂಜೆ ಮನೆಗೆ ಬಂದು ಅನ್ನಕ್ಕಿಡೋಣವೆಂದು ಸ್ಟೌ ಹಚ್ಚಿದರೆ ಹಳದಿ ಉರಿ, ಮಸಿ, ಆಮೇಲೆ ಅದೂ ಇಲ್ಲ. ತೂತು ಕಟ್ಟಿಕೊಂಡಿತ್ತು. ಭಾನುವಾರ, ಅಂಗಡಿ ಮುಚ್ಚಿತ್ತು. ಶಾಂತಮ್ಮನವರ ಹತ್ತಿರ ಪಿನ್ನು ಇಸ್ಕೊಂಡು ಬಾ ಎಂದರು ಯಜಮಾನರು. ಅವರ ಹತ್ತಿರ ಇರುತ್ತದೆ. ಕೇಳಿದರೆ ಕೊಡುತ್ತಾರೆ ಕೂಡ. ಆದರೆ ಕೊಡುವುದಕ್ಕೆ ಮುಂಚೆ, ಇವತ್ತು ನಿಮ್ಮ ನಲ್ಲಿ ಎಷ್ಟು ಎಂದು ಕೇಳದೆ ಇರುವವರಲ್ಲ.

ಸೆಕೆ ಜಾಸ್ತಿ, ಇವತ್ತು ತಣ್ಣಗೇ ಏನಾದರೂ ತಿನ್ನೋಣ ಎಂದೆ. ಅವಲಕ್ಕಿ ನೆನೆಸಿ, ಮೊಸರು ಕಲಸಿ, ನಿಂಬೆಕಾಯಿ ಉಪ್ಪಿನಕಾಯಿ ನೆಂಚಿಕೊಂಡು ತಿಂದೆವು, ಒಗ್ಗರಣೆಯಿಲ್ಲ. ಯಜಮಾನರು ಇನ್ನೊಮ್ಮೆ ಬೀದಿಗಿಳಿದು ಬೋರ್ಡು ನೋಡಿ ಬಂದು ಮಲಗಿದವರು, ಕೂಡಲೇ ನಿದ್ದೆ ಹೋದರು. ನನಗೆ ಮಾತ್ರ, ಪಕ್ಕದ ಮನೆಯ ಸ್ಟೌ ಭರ್ರೆನ್ನುವುದು ನಿಲ್ಲುವ ತನಕ ಕಣ್ಣು ಮುಚ್ಚಲಿಲ್ಲ.